ಊರಿನ ಪುರಾಣಕ್ಕೆ ಕಾಲ ಹಚ್ಚುವುದು: ಹಂತ ಹಂತವಾಗಿ

ಲಕ್ಷ್ಮೇಶ್ವರದ ಹತ್ತಿರದ ಯಳವತ್ತಿಯವರಿಗೆ ಅಲ್ಲಿನ ಸೋಮೇಶ್ವರ ಗುಡಿ ಗೊತ್ತಿರುವುದೇ. ಆದಯ್ಯನೆಂಬ ಶಿವಭಕ್ತ ಸೌರಾಷ್ಟ್ರದ ಸೋಮನಾಥನನ್ನು ಪುಲಿಗೆರೆಗೆ, ಅಂದರೆ ಇಂದಿನ ಲಕ್ಷ್ಮೇಶ್ವರಕ್ಕೆ, ತಂದನೆಂಬ ಕಥೆಯನ್ನು ರಾಘವಾಂಕ ಕಾವ್ಯವಾಗಿಸಿದ್ದಾನೆ. ಇಂಥ ಕಥೆಯಲ್ಲಿ ಇತಿಹಾಸ ಎಷ್ಟಿದೆ ಎಂದು ನೋಡುವುದು ಹೇಗೆ? ಭಯಪಡಬೇಡಿ. ಒಂದು ನೋಟ್‌ಬುಕ್, ಒಂದು ಮೊಬೈಲ್ ಇದ್ದರೆ ಶುರು ಮಾಡಬಹುದು.

1. ಕಥೆಯನ್ನು ತುಂಡು ಮಾಡಿ ಬರೆಯಿರಿ. ‘ಪುಲಿಗೆರೆ ಎಂಬ ಊರಿತ್ತು’, ‘ಅಲ್ಲಿ ಸೋಮನಾಥನ ಗುಡಿ ಕಟ್ಟಿದರು’, ‘ಆದಯ್ಯ ಎಂಬಾತ ಇದ್ದ’. ಒಂದು ಸಾಲಿಗೆ ಒಂದೇ ಮಾತು. ದೇವರ ಮಹಿಮೆಯ ಮಾತುಗಳನ್ನು ಬೇರೆ ಪುಟಕ್ಕೆ ಹಾಕಿ. ಅವು ನಂಬಿಕೆಗೆ ಸೇರಿದವು, ಅವನ್ನು ಅಳೆಯುವ ಉಪಕರಣವಿಲ್ಲ.

2. ಮೂರು ಕಾಲಂ ಹಾಕಿ. ಘಟನೆ ನಡೆಯಿತು ಎನ್ನುವ ಕಾಲ, ಅದನ್ನು ಬರೆದ ಕಾಲ, ಕಣ್ಣಿಗೆ ಕಾಣುವ ವಸ್ತುವಿನ ಕಾಲ. ಹೊಸಬರು ಎಡವುವುದು ಇಲ್ಲೇ: ಮೂರನ್ನೂ ಒಂದೇ ಎಂದುಕೊಳ್ಳುತ್ತಾರೆ.

3. ಶಾಸನದ ಫೋಟೊ ತೆಗೆಯಿರಿ. ಬೆಳಗ್ಗೆ ಅಥವಾ ಸಂಜೆ ಹೋಗಿ. ಓರೆ ಬಿಸಿಲಿನಲ್ಲಿ ಸವೆದ ಅಕ್ಷರವೂ ಎದ್ದು ಕಾಣುತ್ತದೆ. ಎಚ್ಚರ: ಅರಿಶಿನ, ಎಣ್ಣೆ, ಬಣ್ಣ ಹಚ್ಚಲೇಬೇಡಿ.

4. ಶಕವರ್ಷಕ್ಕೆ 78 ಕೂಡಿಸಿ. ಶಕ 890 ಎಂದಿದ್ದರೆ ಕ್ರಿ.ಶ. 968. ತಿಥಿ ವರ್ಷದ ಕೊನೆಯ ತಿಂಗಳುಗಳಲ್ಲಿ ಬಂದರೆ 79 ಕೂಡಿಸಬೇಕಾಗುತ್ತದೆ. ಸಂವತ್ಸರದ ಹೆಸರೊಂದನ್ನೇ ನಂಬಬೇಡಿ, ಅದು 60 ವರ್ಷಕ್ಕೊಮ್ಮೆ ಮರಳಿ ಬರುತ್ತದೆ.

5. ಲಿಪಿಯನ್ನು ತಾಳೆ ನೋಡಿ. ಲಕ್ಷ್ಮೇಶ್ವರದ ಶಂಖ ಬಸದಿಯ ಕಲ್ಲೊಂದು ಇದಕ್ಕೆ ಒಳ್ಳೆಯ ಪಾಠ. ಅದರಲ್ಲಿ ಗಂಗರ ಮಾರಸಿಂಹನ ಶಕ 890ರ ಶಾಸನವಿದೆ. ಜೊತೆಗೆ ಬಾದಾಮಿ ಚಾಲುಕ್ಯ ಇಮ್ಮಡಿ ವಿಕ್ರಮಾದಿತ್ಯನ ಶಕ 656ರ, ಅಂದರೆ 734ರ ದಾನವೂ ಇದೆ. ಆದರೆ ಈ ಹಳೆಯ ದಾನದ ಅಕ್ಷರಗಳೂ ಹತ್ತನೇ ಶತಮಾನದವು ಎಂದು ಶಾಸನತಜ್ಞ ಜೆ.ಎಫ್. ಫ್ಲೀಟ್ ಗುರುತಿಸಿದ. ಶಾಸನ ಹೇಳುವ ಕಾಲ ಒಂದು, ಕೆತ್ತಿದ ಕಾಲ ಇನ್ನೊಂದು. ತಕ್ಷಣ ‘ಸುಳ್ಳು’ ಎನ್ನಬೇಡಿ. ಹಳೆಯ ದಾಖಲೆಯನ್ನು ಉಳಿಸಿಕೊಳ್ಳಲು ಮತ್ತೆ ಕೆತ್ತಿಸಿರಲೂಬಹುದು.

6. ಕಟ್ಟಡವನ್ನು ಭಾಗ ಭಾಗವಾಗಿ ನೋಡಿ. ಕಂಬ, ಗೋಡೆ, ಶಿಖರ, ವಿಗ್ರಹ, ಒಂದೊಂದನ್ನೂ ಬೇರೆ ಬರೆಯಿರಿ. ಸೋಮೇಶ್ವರ ಗುಡಿಯ ಮೂಲ ಕಟ್ಟಡ ಕಲ್ಯಾಣ ಚಾಲುಕ್ಯರ ಶೈಲಿಯದು, ಸುಮಾರು 11ನೇ ಶತಮಾನದ್ದು. ಜೀರ್ಣೋದ್ಧಾರದ ಭಾಗವನ್ನು ಮೂಲವೆಂದುಕೊಂಡರೆ ಲೆಕ್ಕ ತಪ್ಪುತ್ತದೆ.

7. ಕಾರ್ಬನ್ ಡೇಟಿಂಗ್ ಯಾವುದಕ್ಕೆ ನಡೆಯುತ್ತದೆ, ತಿಳಿದುಕೊಳ್ಳಿ. ಜೀವವಿದ್ದ ವಸ್ತುವಿಗೆ ಮಾತ್ರ: ಇದ್ದಿಲು, ಎಲುಬು, ಕಾಳು, ಕಟ್ಟಿಗೆ. ಜೀವ ಹೋದ ಮೇಲೆ ಅದರೊಳಗಿನ ಕಾರ್ಬನ್-14 ಸುಮಾರು 5,730 ವರ್ಷಕ್ಕೆ ಅರ್ಧಕ್ಕಿಳಿಯುತ್ತದೆ. ಕಲ್ಲು ಕೆತ್ತಿದ ಕಾಲವನ್ನು ಅದು ಹೇಳಲಾರದು. ತೊಲೆಯನ್ನು ಪರೀಕ್ಷಿಸಿದರೂ ಸಿಗುವುದು ಮರದ ವಯಸ್ಸು, ಮನೆಯದಲ್ಲ. ಎಚ್ಚರ: ನೀವಾಗಿ ಅಗೆಯಬೇಡಿ. ಅಗೆತ ಪುರಾತತ್ವ ಇಲಾಖೆಯ ಕೆಲಸ. ಒಮ್ಮೆ ಮಣ್ಣಿನ ಪದರ ಕಲೆತರೆ ಸಾಕ್ಷಿ ಹೋದಂತೆಯೇ.

8. ಕಾಲಕ್ಕೆ ಹೊಂದದ ವಸ್ತು ಹುಡುಕಿ. 1830ರಲ್ಲಿ ಅಮೆರಿಕದ ಜೋಸೆಫ್ ಸ್ಮಿತ್ ಪ್ರಕಟಿಸಿದ ‘ಬುಕ್ ಆಫ್ ಮಾರ್ಮನ್’ ನೋಡಿ. ಕ್ರಿ.ಪೂ. 600ರ ಸುಮಾರಿಗೆ ಜೆರುಸಲೇಮ್ ಬಿಟ್ಟ ಕುಟುಂಬವೊಂದು ಅಮೆರಿಕ ಸೇರಿತೆಂದು ಅದು ಹೇಳುತ್ತದೆ. ಅವರು ಅಲ್ಲಿ ಕುದುರೆ ಕಂಡರಂತೆ. ಆದರೆ ಅಲ್ಲಿನ ಕುದುರೆಗಳು ಸುಮಾರು 10,000 ವರ್ಷಗಳ ಹಿಂದೆಯೇ ಅಳಿದಿದ್ದವು, ಮತ್ತೆ ತಂದವರು ಸ್ಪೇನಿನವರು ಎಂಬುದು ವಿಜ್ಞಾನಿಗಳ ಸಾಮಾನ್ಯ ನಿಲುವು. ಪರರ ಗ್ರಂಥಕ್ಕೆ ಕೇಳುವ ಇದೇ ಪ್ರಶ್ನೆಯನ್ನು ನಮ್ಮ ಪುರಾಣಕ್ಕೂ ಕೇಳಬೇಕು.

9. ಫಲಿತಾಂಶ ಬರೆಯಿರಿ. ಪ್ರತಿ ಸಾಲಿನ ಮುಂದೆ ‘ಸಾಕ್ಷಿ ಇದೆ’, ‘ಸಿಕ್ಕಿಲ್ಲ’, ‘ಹೊಂದುವುದಿಲ್ಲ’ ಎಂದು ಗುರುತು ಹಾಕಿ. ನಮ್ಮ ಉದಾಹರಣೆಯಲ್ಲಿ ಪುಲಿಗೆರೆಗೂ ಗುಡಿಗೂ ಗಟ್ಟಿ ಸಾಕ್ಷಿ ಇದೆ. ಗುಡಿ ಇದೆ ಎಂದಮಾತ್ರಕ್ಕೆ ಆದಯ್ಯ ಸೌರಾಷ್ಟ್ರದಿಂದ ದೇವರನ್ನು ತಂದನೆಂದು ಸಾಬೀತಾಗುವುದಿಲ್ಲ. ಕಾವ್ಯ ಗುಡಿಗಿಂತ ಈಚಿನದು ಎಂದಮಾತ್ರಕ್ಕೆ ಆದಯ್ಯ ಇರಲೇ ಇಲ್ಲ ಎಂದೂ ಹೇಳಲಾಗದು. ಸಾಕ್ಷಿ ಎಲ್ಲಿಗೆ ನಿಲ್ಲುತ್ತದೋ ಅಲ್ಲಿಗೇ ನಿಮ್ಮ ಮಾತನ್ನೂ ನಿಲ್ಲಿಸಿ. ಹಾಗೆ ಮಾಡಿದರೆ ಗುಡಿಯ ಪೂಜಾರಿಯ ಮುಂದೆಯೂ ಕಾಲೇಜಿನ ಪ್ರೊಫೆಸರರ ಮುಂದೆಯೂ ನೀವು ಒಂದೇ ಮಾತು ಹೇಳಬಹುದು.