ಕಲಿಕೆಯ ಜಾಹೀರಾತಿನಲ್ಲಿ ಛಲ: ಒಂದು ಶಬ್ದವಿಚಾರ

‘ಛಲ’ ಎಂಬ ಶಬ್ದಕ್ಕೆ ಕನ್ನಡದಲ್ಲಿ ಈಗ ಪ್ರಚುರವಾಗಿರುವ ಅರ್ಥ, ಹಿಡಿದ ಕಾರ್ಯವನ್ನು ಬಿಡದಿರುವ ದೃಢತೆ ಎಂಬುದು. ನ್ಯಾಯಶಾಸ್ತ್ರದಲ್ಲಿ ಅದರ ಅರ್ಥವೇ ಬೇರೆ. ಗೌತಮನ ನ್ಯಾಯಸೂತ್ರಗಳು ಎಣಿಸುವ ಹದಿನಾರು ಪದಾರ್ಥಗಳಲ್ಲಿ ಛಲವೂ ಒಂದು. ಆಡಿದ ಮಾತಿಗೆ ವಕ್ತೃವಿನ ಅಭಿಪ್ರಾಯದಲ್ಲಿಲ್ಲದ ಅರ್ಥವನ್ನು ಹೊರಿಸಿ ವಾದವನ್ನು ಕೆಡಿಸುವ ಕಪಟಕ್ಕೆ ಅಲ್ಲಿ ಆ ಹೆಸರು. ವಾಕ್ಛಲ, ಸಾಮಾನ್ಯಚ್ಛಲ, ಉಪಚಾರಚ್ಛಲ ಎಂದು ಅದು ಮೂರು ಬಗೆ. ವಾಕ್ಛಲಕ್ಕೆ ಭಾಷ್ಯಕಾರನಾದ ವಾತ್ಸ್ಯಾಯನನು ಕೊಡುವ ಉದಾಹರಣೆ ‘ನವಕಂಬಲ’. ಹೊಸ ಕಂಬಳಿ ಹೊದ್ದ ಹುಡುಗನನ್ನು ಕುರಿತು ಒಬ್ಬನು ‘ಈತನು ನವಕಂಬಲನು’ ಎಂದರೆ, ಎದುರಾಳಿಯು ‘ಒಂಬತ್ತು ಕಂಬಳಿಗಳೆಲ್ಲಿ? ಇರುವುದು ಒಂದೇ’ ಎಂದು ಆಕ್ಷೇಪಿಸುತ್ತಾನೆ. ‘ನವ’ ಎಂದರೆ ಹೊಸತೂ ಹೌದು, ಒಂಬತ್ತೂ ಹೌದು.

ಶಾಸ್ತ್ರದ ಉದಾಹರಣೆಯಲ್ಲಿ ಕಪಟವಿರುವುದು ಕೇಳುವವನಲ್ಲಿ. ಇಂದಿನ ಜಾಹೀರಾತಿನಲ್ಲಿ ಅದು ಹೇಳುವವನ ಕಡೆಗೆ ಬಂದಿದೆ. ಕೇಳುವವನ ಕಿವಿಗೆ ‘ಒಂಬತ್ತು’ ಎಂದು ಬೀಳುವಂತೆ ಆಡಿ, ಹಣ ಕೈಸೇರಿದ ಮೇಲೆ ‘ನಾನು ಹೇಳಿದ್ದು ಹೊಸತು ಎಂದಲ್ಲವೆ?’ ಎನ್ನುವ ಚಾತುರ್ಯ ಅದು. ಅಂತರಜಾಲದ ಮೂಲಕ ಪ್ರೋಗ್ರಾಮಿಂಗ್ ಕಲಿಸುತ್ತೇವೆನ್ನುವವರ ಪ್ರಚಾರದಲ್ಲಿ ಈ ಚಾತುರ್ಯ ಎದ್ದು ಕಾಣುತ್ತದೆ. ಪದವಿ ಮುಗಿದ ಮಕ್ಕಳ ತಂದೆತಾಯಿಗಳು ಮೊಬೈಲಿನ ಪರದೆಯನ್ನು ಮುಂದೆ ಹಿಡಿದು ‘ಮೇಷ್ಟ್ರೇ, ಈ ಕೋರ್ಸಿಗೆ ದುಡ್ಡು ಕಟ್ಟಬಹುದೇ?’ ಎಂದು ಕೇಳದ ಉಪಾಧ್ಯಾಯರು ನಮ್ಮಲ್ಲಿ ವಿರಳ. ಹಾಗೆ ಕಟ್ಟುವ ದುಡ್ಡು ಎಷ್ಟೋ ಮನೆಗಳಲ್ಲಿ ಅಡವಿಟ್ಟ ಒಡವೆಯದು. ಗಣಕವಿದ್ಯೆಯ ವಿಷಯದಲ್ಲಿ ಭಾಷಾಪಂಡಿತನಿಗೆ ಏನು ಅಧಿಕಾರ ಎಂದು ಯಾರಾದರೂ ಕೇಳಬಹುದು. ವಿದ್ಯೆ ಗಣಕದ್ದಾದರೂ ಜಾಹೀರಾತು ಮನುಷ್ಯರ ಭಾಷೆಯಲ್ಲಿರುವ ವಾಕ್ಯ. ವಾಕ್ಯಪರೀಕ್ಷೆಯು ನಮ್ಮ ಕಸುಬು.

ಅಧಿಕೃತ ವಿಚಾರಣೆಗೆ ಒಳಗಾದ ಪ್ರಸಿದ್ಧ ನಿದರ್ಶನಗಳು ಅಮೆರಿಕದಲ್ಲಿ ದೊರೆಯುತ್ತವೆಯಾದ್ದರಿಂದ ಮೊದಲು ಅಲ್ಲಿಗೆ ಹೋಗೋಣ. ನ್ಯೂಯಾರ್ಕಿನ ಫ್ಲಾಟೈರನ್ ಸ್ಕೂಲ್ ತರಗತಿಯಲ್ಲಿಯೂ ಅಂತರಜಾಲದಲ್ಲಿಯೂ ಪ್ರೋಗ್ರಾಮಿಂಗ್ ಕಲಿಸುತ್ತಿದ್ದ ಸಂಸ್ಥೆ. ತನ್ನಲ್ಲಿ ಕಲಿತವರ ಪೈಕಿ ಶೇಕಡ 98.5 ಮಂದಿಗೆ ಉದ್ಯೋಗ ದೊರೆತಿದೆಯೆಂದೂ ಸರಾಸರಿ ವಾರ್ಷಿಕ ವೇತನ 74,447 ಡಾಲರುಗಳೆಂದೂ ಅದು ಸಾರಿತು. ಎರಡು ವಾಕ್ಯಗಳನ್ನು ಜೊತೆಯಾಗಿ ಓದಿದವನು ಏನೆಂದು ತಿಳಿಯುವನು? ನೂರರಲ್ಲಿ ತೊಂಬತ್ತೆಂಟು ಮಂದಿಗೆ ಎಪ್ಪತ್ತನಾಲ್ಕು ಸಾವಿರ ಡಾಲರಿನ ಕೆಲಸ ಸಿಕ್ಕಿತೆಂದೇ ತಿಳಿಯುವನು. ಆದರೆ ಮೊದಲನೆಯ ವಾಕ್ಯದ ‘ಉದ್ಯೋಗ’ದಲ್ಲಿ ಪೂರ್ಣಾವಧಿಯ ನೌಕರರ ಜೊತೆಗೆ ಉಮೇದುವಾರರು, ಗುತ್ತಿಗೆಯವರು, ಬಿಡಿಗೆಲಸ ಮಾಡುವವರು ಎಲ್ಲರೂ ಸೇರಿದ್ದರು. ಎರಡನೆಯ ವಾಕ್ಯದ ‘ವೇತನ’ಕ್ಕೆ ಬಂದಾಗ ಪೂರ್ಣಾವಧಿಯ ಸಂಬಳದವರನ್ನು ಮಾತ್ರ ಎಣಿಸಲಾಗಿತ್ತು, ಅಂಥವರು ತರಗತಿಯಲ್ಲಿ ಕಲಿತವರಲ್ಲಿ ಶೇಕಡ 58, ಅಂತರಜಾಲದಲ್ಲಿ ಕಲಿತವರಲ್ಲಿ ಶೇಕಡ 39 ಮಾತ್ರ. ಸಂಖ್ಯೆಯನ್ನು ಏರಿಸಬೇಕಾದಲ್ಲಿ ಶಬ್ದವನ್ನು ಹಿಗ್ಗಿಸಿ, ಸಂಬಳವನ್ನು ಏರಿಸಬೇಕಾದಲ್ಲಿ ಅದನ್ನೇ ಕುಗ್ಗಿಸಿದರು. ಒಂದೊಂದನ್ನೇ ಬಿಡಿಯಾಗಿ ಹಿಡಿದರೆ ಎರಡು ವಾಕ್ಯಗಳಿಗೂ ಸಮರ್ಥನೆ ಉಂಟು. ಸುಳ್ಳು ಹುಟ್ಟುವುದು ಅವುಗಳ ನಡುವೆ. ಈ ವಿವರವನ್ನು ಸ್ಪಷ್ಟವಾಗಿ ತಿಳಿಸಲಿಲ್ಲವೆಂಬುದೂ ಪರವಾನಗಿಯಿಲ್ಲದೆ ಶಾಲೆ ನಡೆಸಿದರೆಂಬುದೂ ಆ ರಾಜ್ಯದ ಅಟಾರ್ನಿ ಜನರಲರ ಆಕ್ಷೇಪಣೆ. 2017ರ ಅಕ್ಟೋಬರಿನಲ್ಲಿ ಸಂಸ್ಥೆಯು 3,75,000 ಡಾಲರುಗಳನ್ನು ತೆತ್ತು ಒಪ್ಪಂದ ಮಾಡಿಕೊಂಡಿತು. ವಾಕ್ಛಲಕ್ಕೆ ಇದಕ್ಕಿಂತ ಶುದ್ಧವಾದ ಉದಾಹರಣೆಯನ್ನು ನಾನು ಕಂಡಿಲ್ಲ.

ಒಂದೆಡೆ ಸಂಭವಿಸಿದ್ದನ್ನು ಜಾತಿಗೆಲ್ಲ ಹಬ್ಬಿಸುವುದು ಸಾಮಾನ್ಯಚ್ಛಲದ ಬಗೆ. 2017ರಲ್ಲಿ ಲ್ಯಾಂಬ್ಡಾ ಸ್ಕೂಲ್ ಎಂಬ ಹೆಸರಿನಿಂದ ಆರಂಭವಾಗಿ ಮುಂದೆ ಬ್ಲೂಮ್‌ಟೆಕ್ ಎಂದು ಹೆಸರು ಬದಲಿಸಿಕೊಂಡ ಅಂತರಜಾಲದ ಶಾಲೆಯೊಂದರ ಮುಖ್ಯಸ್ಥ ಆಸ್ಟೆನ್ ಆಲ್ರೆಡ್, ತಮ್ಮ ಒಂದು ತಂಡದಲ್ಲಿ ನೂರಕ್ಕೆ ನೂರು ಉದ್ಯೋಗ ದೊರೆತಿದೆಯೆಂದು ಟ್ವಿಟರಿನಲ್ಲಿ ಪ್ರಕಟಿಸಿದರು. ಆ ಲೆಕ್ಕದಲ್ಲಿದ್ದ ವಿದ್ಯಾರ್ಥಿ ಒಬ್ಬನೇ ಎಂಬುದನ್ನು ಮುಂದೆ ಖಾಸಗಿ ಸಂದೇಶದಲ್ಲಿ ಅವರೇ ಒಪ್ಪಿಕೊಂಡಿದ್ದರೆಂದು ಅಮೆರಿಕದ ಗ್ರಾಹಕ ಹಣಕಾಸು ಸಂರಕ್ಷಣಾ ಬ್ಯೂರೋ 2024ರ ಏಪ್ರಿಲಿನ ತನ್ನ ಕ್ರಮದಲ್ಲಿ ತಿಳಿಸಿದೆ. ಶಾಲೆಯು ಶೇಕಡ 71ರಿಂದ 86 ಮಂದಿಗೆ ಕೆಲಸ ಸಿಗುತ್ತದೆಂದು ಸಾರುತ್ತಿದ್ದಾಗ, ಒಳಗಿನ ಕಡತಗಳಲ್ಲಿದ್ದ ಸಂಖ್ಯೆ ಐವತ್ತರ ಆಸುಪಾಸಿನದು. ಒಮ್ಮೊಮ್ಮೆ ಮೂವತ್ತಕ್ಕೂ ಇಳಿದದ್ದುಂಟು.

ಆ ಶಾಲೆಯ ಇನ್ನೊಂದು ಮಾತು ಇದಕ್ಕಿಂತ ವಿಚಾರಾರ್ಹವಾದದ್ದು. ಮೊದಲು ಶುಲ್ಕ ಕೊಡಬೇಕಾಗಿಲ್ಲ. ವರ್ಷಕ್ಕೆ 50,000 ಡಾಲರಿಗಿಂತ ಹೆಚ್ಚು ವರಮಾನದ ಕೆಲಸ ಸಿಕ್ಕ ಮೇಲೆ ಅದರ ಶೇಕಡ 17ರಂತೆ, ಒಟ್ಟು 30,000 ಡಾಲರಿನ ಮಿತಿಯೊಳಗೆ ಸಲ್ಲಿಸಿದರಾಯಿತು. ಇದು ಸಾಲವಲ್ಲ, ನಿಮಗೆ ಗಳಿಕೆಯಾದರೆ ಮಾತ್ರ ನಮಗೆ ಗಳಿಕೆ, ಎಂದು ಪ್ರಚಾರ. ಬ್ಯೂರೋ ಪರಿಶೀಲಿಸಿದಾಗ ಅದು ಸಾಲವೇ ಎಂದೂ, ಅದರ ಮೇಲಿನ ವೆಚ್ಚ ಸರಾಸರಿ 4,000 ಡಾಲರಿನಷ್ಟೆಂದೂ ಕಂಡಿತು. ಅಲ್ಲದೆ ಶಾಲೆಯು ಇಂಥ ಅನೇಕ ಕರಾರುಪತ್ರಗಳನ್ನು, ಹುಡುಗನಿಗೆ ಕೆಲಸ ಸಿಗುವ ಮೊದಲೇ, ಹೂಡಿಕೆದಾರರಿಗೆ ತಲಾ 7,000ದಿಂದ 10,000 ಡಾಲರಿಗೆ ಮಾರಿ ತನ್ನ ಪಾಲನ್ನು ಪಡೆದುಕೊಂಡಿತ್ತು. ನಮ್ಮ ಹಳ್ಳಿಗಳಲ್ಲಿ ಬಡ್ಡಿಯಿಲ್ಲದೆ ಕೊಟ್ಟು ತರುವ ಹಣಕ್ಕೆ ‘ಕೈಗಡ’ ಎಂಬ ಪ್ರತ್ಯೇಕ ಶಬ್ದವುಂಟು. ಬಡ್ಡಿಗೆ ಕೊಟ್ಟು ಕೈಗಡವೆಂದವನನ್ನು ಅಕ್ಷರ ಬಾರದ ಮುದುಕಿಯೂ ತಿದ್ದುತ್ತಾಳೆ. ಬ್ಲೂಮ್‌ಟೆಕ್ ಗ್ರಾಹಕರಿಗೆ ಸಾಲ ಕೊಡುವುದನ್ನು ಶಾಶ್ವತವಾಗಿಯೂ, ಆಲ್ರೆಡ್ ವಿದ್ಯಾರ್ಥಿಸಾಲದ ವ್ಯವಹಾರ ನಡೆಸುವುದನ್ನು ಹತ್ತು ವರ್ಷಗಳವರೆಗೂ ಬ್ಯೂರೋ ನಿಷೇಧಿಸಿತು.

ನಮ್ಮ ದೇಶದಲ್ಲಿ ಛಲದ ಗೊಡವೆಯೂ ಇಲ್ಲದೆ ನೇರವಾಗಿ ಕಟ್ಟುಕಥೆಗೇ ಇಳಿದ ಸಂದರ್ಭವೊಂದಿದೆ. ಮಕ್ಕಳಿಗೆ ಕೋಡಿಂಗ್ ಕಲಿಸುವ ವೈಟ್‌ಹ್ಯಾಟ್ ಜೂನಿಯರ್ ಸಂಸ್ಥೆಯನ್ನು 2020ರ ಆಗಸ್ಟಿನಲ್ಲಿ ಬೆಂಗಳೂರಿನ ಬೈಜೂಸ್ ಕಂಪನಿಯು 30 ಕೋಟಿ ಡಾಲರಿಗೆ ಕೊಂಡಿತು. ಅದರ ಜಾಹೀರಾತುಗಳಲ್ಲಿ ‘ವುಲ್ಫ್ ಗುಪ್ತ’ ಎಂಬ ಬಾಲಕನು ಗೂಗಲ್ ಕಂಪನಿಯಲ್ಲಿ ಕೋಟ್ಯಂತರ ರೂಪಾಯಿಗಳ ಕೆಲಸ ಪಡೆದನೆಂದಿತ್ತು. ಆತನ ವಯಸ್ಸೂ ಸಂಬಳವೂ ಜಾಹೀರಾತಿನಿಂದ ಜಾಹೀರಾತಿಗೆ ಬದಲಾಗುತ್ತಿದ್ದವು. ಏಕೆಂದರೆ ಅಂಥ ಬಾಲಕನೇ ಇರಲಿಲ್ಲ. ಅದೇ ವರ್ಷದ ಅಕ್ಟೋಬರಿನಲ್ಲಿ ಭಾರತೀಯ ಜಾಹೀರಾತು ಮಾನಕ ಮಂಡಳಿಯ ಮಾತಿನ ಮೇಲೆ ಐದು ಜಾಹೀರಾತುಗಳನ್ನು ಹಿಂತೆಗೆದುಕೊಳ್ಳಲಾಯಿತು. ಇದನ್ನು ಬಹಿರಂಗವಾಗಿ ಟೀಕಿಸಿದವರ ಮೇಲೆ ದೆಹಲಿಯ ಉಚ್ಚ ನ್ಯಾಯಾಲಯದಲ್ಲಿ ಹೂಡಿದ ಕೋಟಿಗಟ್ಟಲೆ ರೂಪಾಯಿಗಳ ಮಾನನಷ್ಟದ ದಾವೆಗಳನ್ನು ಸಂಸ್ಥೆ 2021ರಲ್ಲಿ ವಾಪಸು ಪಡೆಯಿತು. ಆರು ವರ್ಷದ ಕೂಸಿನ ತಾಯಿಯ ಮನಸ್ಸಿನಲ್ಲಿ ‘ನನ್ನ ಮಗು ಹಿಂದೆ ಬಿದ್ದೀತೆ?’ ಎಂಬ ಕಳವಳವನ್ನು ಬಿತ್ತಿದ ಪಾಪಕ್ಕೆ ಯಾವ ನ್ಯಾಯಾಲಯದಲ್ಲಿ ಲೆಕ್ಕವಿದೆಯೋ ತಿಳಿಯದು.

ಇಲ್ಲಿಯವರೆಗೆ ಹೇಳಿದ್ದು ಸಂಸ್ಥೆಗಳ ಮಾತಾಯಿತು. ಯೂಟ್ಯೂಬಿನಲ್ಲಿ ಒಬ್ಬರೇ ನಿಂತು ಕಲಿಸುವವರ ಸ್ಥಿತಿ ಬೇರೆ. ಅಲ್ಲಿ ವ್ಯಕ್ತಿಯೇ ಪ್ರಮಾಣ. ಆಪ್ತವಾಕ್ಯವನ್ನು ನೈಯಾಯಿಕರು ಪ್ರಮಾಣವೆಂದು ಒಪ್ಪಿದ್ದಾರೆ. ಆದರೆ ವಸ್ತುವನ್ನು ಸ್ವತಃ ಅರಿತು, ಅರಿತಂತೆಯೇ ಹೇಳಬಯಸುವವನಿಗೆ ಮಾತ್ರ ಆಪ್ತನೆಂಬ ಹೆಸರು ಸಲ್ಲುತ್ತದೆ. ಯಂತ್ರಕಲಿಕೆಯ ವಿಷಯದಲ್ಲಿ ಲಕ್ಷಾಂತರ ಅನುಯಾಯಿಗಳಿದ್ದ ಸಿರಾಜ್ ರಾವಲ್ 2019ರಲ್ಲಿ 199 ಡಾಲರಿನ ಕೋರ್ಸೊಂದನ್ನು ತೆರೆದು, ಐನೂರು ಮಂದಿಗಷ್ಟೇ ಪ್ರವೇಶವೆಂದು ಹೇಳಿ, ಸಾವಿರದ ಇನ್ನೂರರಷ್ಟು ಮಂದಿಯನ್ನು ಸೇರಿಸಿಕೊಂಡು, ಒಬ್ಬರ ಸುದ್ದಿ ಇನ್ನೊಬ್ಬರಿಗೆ ತಿಳಿಯದಂತೆ ಎರಡು ಗುಂಪು ಮಾಡಿದ್ದರು. ವಿಷಯ ಹೊರಬಿದ್ದು ಹಣ ಹಿಂದಿರುಗಿಸಬೇಕಾಯಿತು. ಆ ವರ್ಷವೇ ಅವರು ಪ್ರಕಟಿಸಿದ ಪ್ರಬಂಧವೊಂದು ಇತರರಿಂದ ನಕಲು ಮಾಡಿದ್ದೆಂದು ಸಿದ್ಧವಾಯಿತು. ಅವರು ಕ್ಷಮೆ ಕೋರಿದರು. ನಕಲು ಸಿಕ್ಕಿಬಿದ್ದ ಬಗೆ ನಮ್ಮಂಥವರಿಗೆ ರಸವತ್ತಾದದ್ದು. ಮೂಲದಲ್ಲಿ ‘ಗೇಟ್’ ಎಂದಿದ್ದ ಪಾರಿಭಾಷಿಕ ಶಬ್ದ ನಕಲಿನಲ್ಲಿ ‘ಡೋರ್’ ಆಗಿತ್ತು. ಗಣಿತದ ‘ಕಾಂಪ್ಲೆಕ್ಸ್’ ಎಂಬುದು ‘ಕಾಂಪ್ಲಿಕೇಟೆಡ್’ ಆಗಿತ್ತು. ಗುಣಸಂಧಿಯನ್ನು ಸದ್ಗುಣಸಂಧಿಯೆಂದು ತಿದ್ದಿ ಬರೆದ ವಿದ್ಯಾರ್ಥಿಯ ಉತ್ತರಪತ್ರಿಕೆಯನ್ನು ಊಹಿಸಿಕೊಳ್ಳಿ. ಪಾರಿಭಾಷಿಕ ಶಬ್ದಕ್ಕೆ ಪರ್ಯಾಯವಿಲ್ಲವೆಂಬುದನ್ನು ಅರಿಯದವನು ಆ ಶಾಸ್ತ್ರದಲ್ಲಿ ಆಪ್ತನಾಗಲಾರನು.

ಉಳಿದ ತಂತ್ರಗಳನ್ನು ಬೇಗನೆ ಹೇಳಿಬಿಡಬಹುದು. ಹೊಡೆದುಹಾಕಿದ ದೊಡ್ಡ ಬೆಲೆಯ ಪಕ್ಕದಲ್ಲಿ ಎಂದೆಂದಿಗೂ ಮುಗಿಯದ ರಿಯಾಯಿತಿ, ಸೊನ್ನೆಗೆ ಇಳಿದು ಮತ್ತೆ ಮೊದಲಿನಿಂದ ಓಡುವ ಗಡಿಯಾರ, ‘ಲೈಫ್‌ಟೈಮ್’ ಪ್ರವೇಶ. ಕೊನೆಯದು ಉಪಚಾರಚ್ಛಲಕ್ಕೆ ಹತ್ತಿರ. ‘ಅಟ್ಟಣೆಗಳು ಕೂಗುತ್ತಿವೆ’ ಎಂದರೆ ಅಟ್ಟಣೆಯ ಮೇಲಿನ ಜನ ಕೂಗುತ್ತಿದ್ದಾರೆಂದು ಲಕ್ಷಣೆಯಿಂದ ಗ್ರಹಿಸುತ್ತೇವೆ. ಇಲ್ಲಿ ‘ಜೀವಮಾನ’ವೆಂದರೆ ಕಲಿಯುವವನದೋ, ಕಂಪನಿಯದೋ? ಇವೆಲ್ಲ ಅಂತರಜಾಲದೊಡನೆಯೇ ಹುಟ್ಟಿದವೆಂದು ಭಾವಿಸಬೇಕಾಗಿಲ್ಲ. ಒಂದು ವಾರದಲ್ಲಿ, ಇಪ್ಪತ್ತನಾಲ್ಕು ಗಂಟೆಗಳಲ್ಲಿ ಕಲಿಸುತ್ತೇವೆನ್ನುವ ಪುಸ್ತಕಗಳು ಮೊದಲೇ ಅಂಗಡಿಗಳಲ್ಲಿ ತುಂಬಿದ್ದವು. ಅವುಗಳಿಗೆ ಪ್ರತಿಯಾಗಿ ಗಣಕವಿಜ್ಞಾನಿ ಪೀಟರ್ ನಾರ್ವಿಗ್, ಪ್ರೋಗ್ರಾಮಿಂಗನ್ನು ಹತ್ತು ವರ್ಷಗಳಲ್ಲಿ ಕಲಿಯುವುದು ಹೇಗೆಂಬ ಪ್ರಬಂಧವನ್ನು ಬರೆದರು.

ಕಾನೂನು ಸುಮ್ಮನಿಲ್ಲ. ನಮ್ಮ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2023ರ ನವೆಂಬರಿನಲ್ಲಿ ಹೊರಡಿಸಿದ ಮಾರ್ಗಸೂಚಿಗಳು ಹುಸಿ ಅವಸರವನ್ನು ಹುಟ್ಟಿಸುವುದನ್ನು ನಿಷಿದ್ಧ ತಂತ್ರಗಳಲ್ಲಿ ಎಣಿಸಿವೆ. 2024ರ ನವೆಂಬರಿನ ಮಾರ್ಗಸೂಚಿಗಳು ಕೋಚಿಂಗ್ ಸಂಸ್ಥೆಗಳ ದಾರಿತಪ್ಪಿಸುವ ಜಾಹೀರಾತುಗಳನ್ನೇ ಕುರಿತವು. ಆದರೆ ದುಡ್ಡು ಹೋದ ಮೇಲೆ ಬರುವ ಕಾನೂನಿಗಿಂತ ಕಟ್ಟುವ ಮೊದಲು ಮಾಡುವ ಪರೀಕ್ಷೆ ಉಪಾಧ್ಯಾಯರ ಕೈಯಲ್ಲಿದೆ. ನಮ್ಮ ಶಾಸ್ತ್ರಗ್ರಂಥಗಳು ಆರಂಭದಲ್ಲಿಯೇ ಅನುಬಂಧಚತುಷ್ಟಯವನ್ನು ಹೇಳುತ್ತವೆ: ವಿಷಯವೇನು, ಪ್ರಯೋಜನವೇನು, ಅವೆರಡಕ್ಕೂ ಗ್ರಂಥಕ್ಕೂ ಸಂಬಂಧವೇನು, ಓದಲು ಅಧಿಕಾರಿ ಯಾರು. ಕಪಟದ ಜಾಹೀರಾತು ಪ್ರಯೋಜನವನ್ನು ಹಾಡಿಹೊಗಳುತ್ತದೆ. ಅಧಿಕಾರಿಯ ಮಾತನ್ನು ಎತ್ತುವುದೇ ಇಲ್ಲ, ಎತ್ತಿದರೆ ಕೊಳ್ಳುವವರು ಕಡಮೆಯಾಗುತ್ತಾರೆ. ಐಐಟಿಗಳೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಸೇರಿ ನಡೆಸುವ ಎನ್‌ಪಿಟಿಇಎಲ್ ಪಾಠಗಳ ಪುಟವನ್ನು ತೆರೆದು ನೋಡಿ. ಈ ಪಾಠ ಯಾರಿಗಾಗಿ, ಮೊದಲೇ ಏನು ತಿಳಿದಿರಬೇಕು ಎಂಬುದು ಅಲ್ಲಿ ನಮೂದಾಗಿರುತ್ತದೆ. ಕಲಿಯಲು ಶುಲ್ಕವಿಲ್ಲ, ಪ್ರಮಾಣಪತ್ರದ ಪರೀಕ್ಷೆ ಬರೆಯುವುದಾದರೆ ಮಾತ್ರ ಶುಲ್ಕ.

ಹಣ ಕೇಳುವವರನ್ನು ನಮ್ಮ ಹುಡುಗರು ಕೇಳಬೇಕಾದದ್ದು ಇಷ್ಟು: ಸೇರಿದವರೆಷ್ಟು, ಮುಗಿಸಿದವರೆಷ್ಟು, ‘ಉದ್ಯೋಗ’ವೆಂದು ಎಣಿಸಿದ್ದು ಯಾವುದನ್ನು, ಸರಾಸರಿ ತೆಗೆದದ್ದು ಎಷ್ಟು ಜನರ ಸಂಬಳದಿಂದ, ನಡುವೆ ಬಿಟ್ಟರೆ ಸಾಲದ ಕಂತು ನಿಲ್ಲುವುದೇ. ಉತ್ತರ ಫೋನಿನಲ್ಲಿ ಬಂದರೆ ಸಾಲದು, ಬರಹದಲ್ಲಿ ತರಿಸಿಕೊಳ್ಳಬೇಕು. ಮುಂದೆ ತಕರಾರೆದ್ದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡುವಾಗ ಆ ಬರಹವನ್ನೇ ಆಧಾರವಾಗಿ ತೋರಿಸಬಹುದು.