ಹುಲಿ–ಕುರಿ ಆಟದಲ್ಲಿ ಸರದಿಯ ವಾದ

ಆದೋನಿ ಭಾಗದ ಕನ್ನಡ ಮಾಧ್ಯಮದ ಮಕ್ಕಳಿಗೆ ಹುಲಿ–ಕುರಿ ಆಟ ಹೊಸದಲ್ಲ. ನೆರೆಯ ತೆಲುಗು ಮಕ್ಕಳಿಗೆ ಅದೇ ಪುಲಿ–ಮೇಕ. 23 ಮನೆಗಳ ಪಟ, 3 ಹುಲಿ, 15 ಕುರಿ. ಕುರಿಯನ್ನು ದಾಟಿ ಆಚೆಯ ಖಾಲಿ ಮನೆಗೆ ಹಾರಿದರೆ ಆ ಕುರಿ ಹುಲಿಯ ಪಾಲು; ಹುಲಿಗಳಿಗೆ ನಡೆಯೇ ಇಲ್ಲದಂತೆ ಕಟ್ಟಿಹಾಕಿದರೆ ಕುರಿಗಳಿಗೆ ಗೆಲುವು.

ಜಗಳ ಹುಟ್ಟುವುದು ಸರದಿಯಲ್ಲಿ. ‘ಕುರಿ ಇಟ್ಟ ಮೇಲೆ ನಡೆಸಬಹುದು’ ಎಂದು ವಿದ್ಯಾರ್ಥಿಯೊಬ್ಬ ನಿಯಮ ಬರೆದನೆನ್ನೋಣ. ಇಟ್ಟದ್ದು ಒಂದು ಕುರಿಯೋ, ಎಲ್ಲ ಕುರಿಗಳೋ? ‘ಕುರಿ’ ಎಂಬ ಏಕವಚನ ರೂಪವು ಮಂದೆಗೂ ಸಲ್ಲುವುದರಿಂದ ಎರಡರ್ಥವೂ ಸಾಧುವೇ. ಆದರೆ ಅರ್ಥದೊಡನೆ ಆಟವೂ ಬದಲಾಗುತ್ತದೆ. ಮೊದಲೇ ನಡೆಸಲು ಬಿಟ್ಟರೆ ಅಪಾಯದಲ್ಲಿರುವ ಕುರಿ ಪಕ್ಕಕ್ಕೆ ಸರಿದು ಪಾರಾಗುತ್ತದೆ. ಬಿಡದಿದ್ದರೆ ಅದರ ಹಿಂದಿನ ಮನೆಯಲ್ಲಿ ಹೊಸ ಕುರಿಯನ್ನಿಟ್ಟು ಕಾಯಬೇಕು. ವಾಡಿಕೆಯಲ್ಲಿರುವುದು ಎರಡನೆಯ ಕ್ರಮ. ಅದನ್ನು ಶಿಕ್ಷಕರು ಕೂಡಲೇ ಹೇಳಿಬಿಟ್ಟರೆ ವಾದವೂ ಮುಗಿಯಿತು, ಪಾಠವೂ ಮುಗಿಯಿತು.

ವಾದ ನಡುನಡುವೆ ತೆಲುಗಿಗೆ ಜಾರಿದರೂ ತಡೆಯದೆ, ಒಪ್ಪಿಗೆಯಾದ ನಿಯಮವನ್ನು ಕನ್ನಡದಲ್ಲಿ ಬರೆಸಬೇಕು. ‘ಹದಿನೈದೂ ಕುರಿಗಳನ್ನು ಇಟ್ಟ ಬಳಿಕವೇ’ ಎಂಬಲ್ಲಿನ ಊಕಾರಕ್ಕೂ ಅವಧಾರಣೆಯ ಏಕಾರಕ್ಕೂ ಇರುವ ಬೆಲೆ ಆಗ ಮಕ್ಕಳಿಗೆ ತಾನಾಗಿ ಕಾಣುತ್ತದೆ. ಆ ಬರಹವನ್ನು ವಾದದಲ್ಲಿ ಪಾಲ್ಗೊಳ್ಳದ ತಂಡಕ್ಕೆ ಕೊಟ್ಟು ಆಡಿಸಬೇಕು. ಅಲ್ಲಿ ಮತ್ತೆ ಜಗಳವಾದರೆ ವಾಕ್ಯವನ್ನು ಇನ್ನೊಮ್ಮೆ ತಿದ್ದಿಸಬೇಕು.