ಹಾಲುಕ್ಕಿಸುವ ಮುನ್ನ: ಬಾಡಿಗೆ ಮನೆ ಹಿಡಿಯುವ ಚಿರಂಜೀವಿಗೊಂದು ಪತ್ರ

ಬೆಂಗಳೂರಿನಲ್ಲಿ ಮೊದಲ ಬಾಡಿಗೆ ಮನೆ ಹಿಡಿಯಲು ಹೊರಟಿರುವ ಚಿರಂಜೀವಿಗೆ,

ಮನೆ ನೋಡಲು ಹೋದವರ ಕಣ್ಣು ಮೊದಲು ಹೊಸ ಸುಣ್ಣಬಣ್ಣದ ಮೇಲೆ, ನೆಲದ ಟೈಲ್ಸಿನ ಮೇಲೆ, ಅಡುಗೆಮನೆಯ ಕಪಾಟುಗಳ ಮೇಲೆ ಬೀಳುವುದು ಸಹಜ. ಆದರೆ ಆ ಮನೆಯಲ್ಲಿ ದಿನನಿತ್ಯದ ಬದುಕು ಸುಸೂತ್ರವಾಗಿ ಸಾಗುವುದೋ ಇಲ್ಲವೋ ಎಂಬುದನ್ನು ತೀರ್ಮಾನಿಸುವುದು ನೆಲದಡಿಯ ಸಂಪಿನಲ್ಲಿರುವ ನೀರು ಮತ್ತು ಮಾಲೀಕರೊಡನೆ ಆಗುವ ಕರಾರಿನ ಕಾಗದ. ಈ ಎರಡನ್ನೂ ಕೀಲಿಕೈ ಪಡೆಯುವ ಮೊದಲೇ ವಿಚಾರಿಸಬೇಕು. ಮುಂಗಡ ಕೊಟ್ಟು ಸಾಮಾನು ಇಳಿಸಿದ ಮೇಲೆ ಕೇಳಿದ ಪ್ರಶ್ನೆಗೆ ಎಂಥ ಉತ್ತರ ಬಂದರೂ ಬಾಡಿಗೆದಾರನಿಗೆ ಅದನ್ನು ಒಪ್ಪಿಕೊಳ್ಳದೆ ಬೇರೆ ದಾರಿ ಇರುವುದಿಲ್ಲ.

ಬೆಂಗಳೂರಿನ ನಲ್ಲಿಗಳಲ್ಲಿ ಬರುವ ಕಾವೇರಿ ನೀರು ಮಂಡ್ಯ ಜಿಲ್ಲೆಯ ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಿಂದ ಹೊರಟು, ಸುಮಾರು 100 ಕಿಲೋಮೀಟರ್ ದೂರವನ್ನೂ ಅರ್ಧ ಕಿಲೋಮೀಟರಿನಷ್ಟು ಏರನ್ನೂ ಪಂಪುಗಳ ಬಲದಿಂದ ಕ್ರಮಿಸಿ ನಗರವನ್ನು ಮುಟ್ಟುತ್ತದೆ. 1964ರಲ್ಲಿ ಸ್ಥಾಪನೆಯಾದ ಜಲಮಂಡಳಿಯು, ಎಂದರೆ ಬೆಂಗಳೂರು ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿಯು, 1974ರಿಂದ ಹಂತಹಂತವಾಗಿ ಈ ನೀರನ್ನು ತರುತ್ತಿದೆ. 2024ರ ಅಕ್ಟೋಬರ್‌ನಲ್ಲಿ ಉದ್ಘಾಟನೆಯಾದ ಐದನೆಯ ಹಂತವು ನಗರದ ಅಂಚಿನ 110 ಹಳ್ಳಿಗಳನ್ನು ಗಮನದಲ್ಲಿಟ್ಟು ದಿನಕ್ಕೆ 77.5 ಕೋಟಿ ಲೀಟರ್ ಒದಗಿಸಲು ರೂಪಿಸಿದ್ದು. ಇಷ್ಟಾದರೂ ಬೀದಿಗೆ ಕೊಳವೆ ಬಂದಿರುವುದು ಬೇರೆ, ಮನೆಗೆ ಸಂಪರ್ಕ ಸಿಕ್ಕಿರುವುದು ಬೇರೆ, ಸಂಪರ್ಕವಿದ್ದ ಮನೆಗೆ ಸಾಕಷ್ಟು ನೀರು ಬರುವುದು ಇನ್ನೂ ಬೇರೆ. ಆದ್ದರಿಂದ ‘ಕಾವೇರಿ ನೀರು ಇದೆಯೇ’ ಎಂದು ಕೇಳಿ ಸುಮ್ಮನಾಗದೆ, ವಾರದಲ್ಲಿ ಎಷ್ಟು ದಿನ, ಯಾವ ಹೊತ್ತಿನಲ್ಲಿ, ಎಷ್ಟು ಗಂಟೆ ಬರುತ್ತದೆ ಎಂದು ವಿಚಾರಿಸುವುದು ಉಚಿತ. 2024ರ ಬೇಸಿಗೆಯಲ್ಲಿ ಕೊಳವೆಬಾವಿಗಳು ಬತ್ತಿ, ಟ್ಯಾಂಕರ್ ನೀರಿನ ಬೆಲೆಯನ್ನು ಜಿಲ್ಲಾಡಳಿತವೇ ಗೊತ್ತುಪಡಿಸಬೇಕಾದ ಸ್ಥಿತಿ ಬಂದಿತ್ತು. ನೋಡಿದ ಮನೆಯ ಕಟ್ಟಡದವರು ಆ ಬೇಸಿಗೆಯಲ್ಲಿ ಏನು ಮಾಡಿದರು ಎಂಬುದಕ್ಕಿಂತ ಒಳ್ಳೆಯ ಪ್ರಶ್ನೆ ಮತ್ತೊಂದಿಲ್ಲ, ಮತ್ತು ಅದನ್ನು ಮಾಲೀಕರಿಗಿಂತ ಮೊದಲು ಕೆಳಮನೆಯ ಬಾಡಿಗೆದಾರರಲ್ಲಿ, ಎದುರಿನ ಅಂಗಡಿಯವರಲ್ಲಿ ಕೇಳಬೇಕು.

ನೀರಿನ ಮೂಲ ತಿಳಿದ ಮೇಲೆ ಪ್ರಮಾಣದ ಲೆಕ್ಕ ಹಾಕಬೇಕು. ನಗರವಾಸಿಯೊಬ್ಬನಿಗೆ ದಿನಕ್ಕೆ 135 ಲೀಟರ್ ಎಂಬುದು ನಮ್ಮ ದೇಶದ ನೀರು ಸರಬರಾಜು ಯೋಜನೆಗಳಲ್ಲಿ ಬಳಕೆಯಲ್ಲಿರುವ ಮಾನದಂಡ. ಈ ಲೆಕ್ಕದಲ್ಲಿ ನಾಲ್ವರ ಕುಟುಂಬಕ್ಕೆ 540 ಲೀಟರ್ ಬೇಕಾಗುವುದರಿಂದ, ಮಾಳಿಗೆಯ ಮೇಲಿನ 1,000 ಲೀಟರಿನ ಟ್ಯಾಂಕು ಒಂದು ಕುಟುಂಬಕ್ಕೂ ಎರಡು ದಿನ ಪೂರ್ತಿ ಸಾಲದು, ಎರಡು ಕುಟುಂಬಗಳು ಹಂಚಿಕೊಂಡರೆ ಒಂದು ದಿನಕ್ಕೂ ಕೊರತೆಯೇ. ಸಂಪು, ಎಂದರೆ ಬೀದಿಯಿಂದ ಬಂದ ನೀರು ಮೊದಲು ಬಂದು ನಿಲ್ಲುವ ನೆಲದಡಿಯ ತೊಟ್ಟಿ, ಎಷ್ಟು ದೊಡ್ಡದು, ಎಷ್ಟು ಮನೆಗಳಿಗೆ ಸೇರಿದ್ದು, ಮೋಟಾರು ಹಾಕುವ ಅಧಿಕಾರ ಯಾರ ಕೈಯಲ್ಲಿದೆ ಎಂಬುದನ್ನು ತಿಳಿಯದೆ ಮನೆ ಒಪ್ಪಿಕೊಂಡವರು ಬೆಳಗಿನ ಸ್ನಾನದ ಹೊತ್ತಿಗೆ ಮೆಟ್ಟಿಲು ಹತ್ತಿಳಿಯುವ ಕಷ್ಟಕ್ಕೆ ಸಿಲುಕುತ್ತಾರೆ. ಕೊಳವೆಬಾವಿಯ ನೀರಾದರೆ ಅದು ಎಷ್ಟು ಗಡಸು ಎಂಬುದನ್ನೂ ನೋಡಬೇಕು. ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಲವಣಗಳು ಹೆಚ್ಚಾಗಿ ಕರಗಿರುವ ನೀರಿಗೆ ಗಡಸು ನೀರೆಂದು ಹೆಸರು. ಅದರಲ್ಲಿ ಸೋಪು ನೊರೆ ಬಾರದು, ಬೇಳೆ ಬೇಗ ಬೇಯದು, ಗೀಸರಿನೊಳಗೆ ಬಿಳಿಯ ಪದರ ಕಟ್ಟಿ ವಿದ್ಯುತ್ತೂ ಹೆಚ್ಚು ಖರ್ಚಾಗುತ್ತದೆ. ಇದಕ್ಕೆ ಪ್ರಯೋಗಾಲಯದ ಪರೀಕ್ಷೆ ಬೇಡ. ಬಚ್ಚಲಿನ ನಲ್ಲಿಯ ಬಾಯಿಯನ್ನೂ ಅಲ್ಲಿರುವ ಹಳೆಯ ಬಕೆಟಿನ ಒಳಮೈಯನ್ನೂ ನೋಡಿದರೆ ಸಾಕು.

ಇನ್ನು ಕಾಗದದ ವಿಚಾರ. ಬಾಡಿಗೆಯ ಕರಾರನ್ನು 11 ತಿಂಗಳಿಗೆ ಬರೆಯುವ ರೂಢಿಗೆ ಕಾರಣ 1908ರ ನೋಂದಣಿ ಕಾಯಿದೆ. ಒಂದು ವರ್ಷವನ್ನು ಮೀರಿದ ಗುತ್ತಿಗೆಯ ಪತ್ರವನ್ನು ಉಪನೋಂದಣಾಧಿಕಾರಿಯ ಕಚೇರಿಯಲ್ಲಿ ಕಡ್ಡಾಯವಾಗಿ ನೋಂದಾಯಿಸಬೇಕೆಂದು ಅದು ವಿಧಿಸುವುದರಿಂದ, ಆ ಖರ್ಚು ಮತ್ತು ಓಡಾಟ ಬೇಡವೆಂದು ಜನರು ಒಂದು ತಿಂಗಳು ಕಡಿಮೆ ಮಾಡಿ ಬರೆದುಕೊಳ್ಳುತ್ತಾರೆ. ಬೆಂಗಳೂರಿನಲ್ಲಿ ‘ಅಡ್ವಾನ್ಸ್’ ಎಂದು ಕರೆಯುವ ಠೇವಣಿಯು ಬಹುಕಾಲ ಹತ್ತು ತಿಂಗಳ ಬಾಡಿಗೆಯಷ್ಟು ಇರುತ್ತಿತ್ತು. ಕೇಂದ್ರ ಸರ್ಕಾರದ 2021ರ ಮಾದರಿ ಬಾಡಿಗೆ ಕಾಯಿದೆಯು ವಾಸದ ಮನೆಗೆ ಎರಡು ತಿಂಗಳ ಬಾಡಿಗೆಯನ್ನು ಮೇಲ್ಮಿತಿಯೆಂದು ಸೂಚಿಸಿದ್ದರೂ, ಅದು ರಾಜ್ಯಗಳ ಮುಂದಿಟ್ಟ ಮಾದರಿಯೇ ಹೊರತು ತಾನಾಗಿ ಎಲ್ಲೆಡೆ ಜಾರಿಯಾಗುವ ಕಾನೂನಲ್ಲ. ಹೀಗಿರುವುದರಿಂದ ಚಿರಂಜೀವಿಯು ಚೌಕಾಸಿ ಮಾಡಲು ಸಂಕೋಚಪಡಬಾರದು. ಕೊಟ್ಟ ಹಣ ಹಿಂದಿರುಗುವಾಗ ಬಣ್ಣದ ಖರ್ಚೆಂದು ಒಂದು ತಿಂಗಳ ಬಾಡಿಗೆಯನ್ನು ಮುರಿದುಕೊಳ್ಳುವ ಪದ್ಧತಿ ವ್ಯಾಪಕವಾಗಿದೆ. ಆ ಮೊತ್ತ ಎಷ್ಟು, ಮನೆ ಬಿಡುವುದನ್ನು ಎಷ್ಟು ತಿಂಗಳು ಮೊದಲು ತಿಳಿಸಬೇಕು, ವರ್ಷಕ್ಕೆ ಬಾಡಿಗೆ ಶೇಕಡಾ ಎಷ್ಟು ಏರುತ್ತದೆ, ನೀರು ಮತ್ತು ನಿರ್ವಹಣೆಯ ವೆಚ್ಚ ಬಾಡಿಗೆಯಲ್ಲಿ ಸೇರಿದೆಯೇ, ಠೇವಣಿಯನ್ನು ಮನೆ ಬಿಡುವ ದಿನವೇ ಕೊಡುತ್ತಾರೆಯೇ ಎಂಬ ಐದು ಮಾತುಗಳು ಬಾಯಲ್ಲಿ ಉಳಿಯದೆ ಕರಾರಿಗೆ ಇಳಿಯಬೇಕು. ಗೋಡೆಯ ತೇವ, ಒಡೆದ ಟೈಲ್ಸು, ಸಡಿಲಾದ ಚಿಲಕ ಮೊದಲಾದವುಗಳ ಛಾಯಾಚಿತ್ರವನ್ನು ಸಾಮಾನು ಇಳಿಸುವ ಮೊದಲೇ ತೆಗೆದು ಮಾಲೀಕರಿಗೂ ಕಳುಹಿಸಿಟ್ಟರೆ, ಮುಂದೆ ಇಬ್ಬರ ನಡುವೆ ಮನಸ್ತಾಪ ಹುಟ್ಟುವ ಅವಕಾಶ ಬಹಳ ಕಡಿಮೆಯಾಗುತ್ತದೆ.

ಭೋಗ್ಯದ ಬಗ್ಗೆ ಒಂದು ಎಚ್ಚರಿಕೆ ಅವಶ್ಯ. ಊರಿನವರು ‘ಲೀಸು’ ಎನ್ನುವ ಈ ಏರ್ಪಾಡಿನಲ್ಲಿ ದೊಡ್ಡ ಮೊತ್ತವನ್ನು ಒಮ್ಮೆಗೇ ಮಾಲೀಕರಿಗೆ ಕೊಟ್ಟು, ತಿಂಗಳ ಬಾಡಿಗೆಯಿಲ್ಲದೆ ವಾಸಿಸಿ, ಅವಧಿ ಮುಗಿದಾಗ ಹಣವನ್ನು ಪೂರ್ತಿ ಹಿಂಪಡೆಯಲಾಗುತ್ತದೆ. ಬಾಡಿಗೆ ಉಳಿಯುತ್ತದೆಂಬ ಆಸೆಗೆ ಜೀವಮಾನದ ಉಳಿತಾಯವನ್ನು ಕೊಟ್ಟವರು, ಅದೇ ಮನೆ ಬ್ಯಾಂಕಿನಲ್ಲಿ ಅಡವಿದ್ದು ಸಾಲ ಕಟ್ಟದೆ ಜಪ್ತಿಗೆ ಬಂದಾಗ, ಹಣವನ್ನೂ ಸೂರನ್ನೂ ಒಟ್ಟಿಗೇ ಕಳೆದುಕೊಳ್ಳುವ ಅಪಾಯವಿದೆ. ಆಸ್ತಿಯ ಮೇಲೆ ನೋಂದಾಯಿತ ಸಾಲ, ಅಡಮಾನ, ಮಾರಾಟ ಏನಿದೆ ಎಂಬುದನ್ನು ತೋರಿಸುವ ಋಣಭಾರ ಪ್ರಮಾಣಪತ್ರವನ್ನು, ಜನರ ಬಾಯಲ್ಲಿ ‘ಇ.ಸಿ.’ಯನ್ನು, ಸರ್ಕಾರದ ಕಾವೇರಿ ತಂತ್ರಾಂಶದ ಮೂಲಕ ಯಾರು ಬೇಕಾದರೂ ಪಡೆಯಬಹುದು. ಅದನ್ನು ವಕೀಲರೊಬ್ಬರಿಗೆ ತೋರಿಸದೆ, ಪತ್ರವನ್ನು ನೋಂದಾಯಿಸದೆ ಭೋಗ್ಯಕ್ಕೆ ಹಣ ಕೊಡುವುದು ಯಾವ ಕಾರಣಕ್ಕೂ ಸಲ್ಲದು.

ವಿದ್ಯುತ್ತಿಗೆ ಪ್ರತ್ಯೇಕ ಮೀಟರ್ ಇರಬೇಕು. ಮನೆಗಳಿಗೆ ನಿಗದಿತ ಮಿತಿಯವರೆಗೆ ಉಚಿತ ವಿದ್ಯುತ್ ಕೊಡಲು 2023ರಲ್ಲಿ ಆರಂಭವಾದ ಗೃಹಜ್ಯೋತಿ ಯೋಜನೆಯ ಪ್ರಯೋಜನ ಬಾಡಿಗೆದಾರರಿಗೂ ಇದೆ. ಹಳೆಯ ಮನೆಯ ಆರ್.ಆರ್. ಸಂಖ್ಯೆಯಿಂದ, ಎಂದರೆ ವಿದ್ಯುತ್ ಸಂಪರ್ಕದ ಗುರುತಿನ ಸಂಖ್ಯೆಯಿಂದ, ತನ್ನ ಆಧಾರ್ ಜೋಡಣೆಯನ್ನು ಬಿಡಿಸಿಕೊಂಡು ಹೊಸ ಮನೆಯ ಸಂಖ್ಯೆಗೆ ಜೋಡಿಸಿಕೊಂಡರೆ ಅದು ಮುಂದುವರಿಯುತ್ತದೆ. ಬೇರೆ ಊರಿನಿಂದ ಬರುವವರು ಅಡುಗೆ ಅನಿಲದ ಸಿಲಿಂಡರ್ ಮತ್ತು ರೆಗ್ಯುಲೇಟರನ್ನು ಹೊತ್ತು ತರುವ ಬದಲು ಅಲ್ಲಿನ ಏಜೆನ್ಸಿಗೇ ಒಪ್ಪಿಸಿ ವರ್ಗಾವಣೆಯ ಚೀಟಿ ಪಡೆಯಬೇಕು. ಮತದಾರರ ಪಟ್ಟಿಯಲ್ಲಿ ವಿಳಾಸ ಬದಲಿಸಲು ನಮೂನೆ 8 ಇದೆ.

ಮನೆ ಹೊಗುವ ದಿನ ಗೊತ್ತುಮಾಡುವಾಗ ಆಷಾಢದ ಪ್ರಶ್ನೆ ಬಂದೇ ಬರುತ್ತದೆ. ಆಷಾಢದಲ್ಲಿಯೂ ಧನುರ್ಮಾಸದಲ್ಲಿಯೂ ಹೊಸ ಮನೆ ಹೊಗುವುದಿಲ್ಲವೆಂಬ ನಂಬಿಕೆ ಮನೆಯ ಹಿರಿಯರಲ್ಲಿದ್ದರೆ ಅದಕ್ಕೆ ಗೌರವ ಕೊಡುವುದೇ ಸರಿ. ಆದರೆ ಮನೆ ಹುಡುಕುವುದಕ್ಕೆ ಆಷಾಢದಷ್ಟು ಅನುಕೂಲದ ಕಾಲವಿಲ್ಲ, ಏಕೆಂದರೆ ಕೇಳುವವರು ಕಡಿಮೆಯಿರುವಾಗ ಮಾಲೀಕರು ಮಾತಿಗೆ ಬಗ್ಗುತ್ತಾರೆ, ಜೊತೆಗೆ ಸುರಿಯುವ ಮಳೆಯಲ್ಲಿ ಸೋರುವ ಮಾಳಿಗೆ ತನ್ನ ಗುಟ್ಟನ್ನು ತಾನೇ ಬಿಟ್ಟುಕೊಡುತ್ತದೆ. ಆಷಾಢದಲ್ಲಿ ನೋಡಿ, ಕರಾರು ಮುಗಿಸಿ, ಶ್ರಾವಣದಲ್ಲಿ ಒಕ್ಕಲು ಹೋಗುವುದು ನಂಬಿಕೆ ಮತ್ತು ಲೆಕ್ಕಾಚಾರ ಎರಡಕ್ಕೂ ಒಪ್ಪುವ ಕ್ರಮ. ಸಾಮಾನು ಕಟ್ಟುವ ವಿವರಗಳು ಎಲ್ಲರಿಗೂ ಗೊತ್ತಿರುವುದರಿಂದ ಇಲ್ಲಿ ಎರಡೇ ಮಾತು ಸಾಕು: ಪುಸ್ತಕಗಳನ್ನು ಚಿಕ್ಕ ಪೆಟ್ಟಿಗೆಗಳಲ್ಲಿಯೇ ತುಂಬಬೇಕು, ಇಲ್ಲವಾದರೆ ಹೊರುವವರ ಬೆನ್ನು ಮುರಿಯುತ್ತದೆ; ಫ್ರಿಜ್ಜನ್ನು ನಿಲ್ಲಿಸಿಯೇ ಸಾಗಿಸಿ, ತಲುಪಿದ ಮೇಲೆ ಕೆಲವು ಗಂಟೆ ಹಾಗೆಯೇ ಬಿಟ್ಟು ಅನಂತರ ಚಾಲೂ ಮಾಡಬೇಕು, ಏಕೆಂದರೆ ವಾಲಿದಾಗ ಕಂಪ್ರೆಸರಿನ ಎಣ್ಣೆ ಕೊಳವೆಗಳಿಗೆ ಹರಿದಿದ್ದರೆ ಅದು ಮರಳಿ ಇಳಿಯಲು ಸಮಯ ಬೇಕು.

ಬಾಡಿಗೆ ಮನೆಗೂ ಹಾಲುಕ್ಕಿಸಿಯೇ ಕಾಲಿಡುವ ಸಂಪ್ರದಾಯದಲ್ಲಿ ದೊಡ್ಡ ಅನುಕೂಲವೊಂದು ಅಡಗಿದೆ. ಹಾಲುಕ್ಕಬೇಕಾದರೆ ಒಲೆ ಹೊತ್ತಬೇಕು, ಪಾತ್ರೆ ತೊಳೆಯಲು ನಲ್ಲಿಯಲ್ಲಿ ನೀರು ಬರಬೇಕು, ಹೊಸ್ತಿಲು ಸಾರಿಸಲು ಮನೆ ಗುಡಿಸಿರಬೇಕು; ಹೀಗೆ ಸಾಮಾನಿನ ಗಾಡಿ ಬರುವ ಮೊದಲೇ ಅಡುಗೆಮನೆ ಬಳಕೆಗೆ ಸಿದ್ಧವಾಗುತ್ತದೆ, ಏನಾದರೂ ಕೆಟ್ಟಿದ್ದರೆ ಮನೆ ಬರಿದಾಗಿರುವಾಗಲೇ ಗೊತ್ತಾಗುತ್ತದೆ. ಆದ್ದರಿಂದ ಈ ವಿಧಿಯನ್ನು ಸಾಮಾನು ಸಾಗಿಸುವ ದಿನದ ಗಡಿಬಿಡಿಯಲ್ಲಿ ಮುಗಿಸದೆ, ಒಂದೆರಡು ದಿನ ಮುಂಚೆ ನಡೆಸುವುದು ಮೇಲು. ಒಲೆ, ಲೈಟರು, ಒಂದು ಪಾತ್ರೆ, ಲೋಟಗಳು, ಸಕ್ಕರೆ, ಚಾಕು, ಕಸಪೊರಕೆ, ಒಂದು ಬಕೆಟು, ಒಂದು ಬಲ್ಬು ಇವುಗಳನ್ನು ಒಂದೇ ಚೀಲದಲ್ಲಿ ಇಟ್ಟುಕೊಂಡರೆ ಅಷ್ಟೇ ಸಾಮಾನು ಮೊದಲ ರಾತ್ರಿಯನ್ನೂ ದಾಟಿಸುತ್ತದೆ.

ಉಕ್ಕಿದ ಹಾಲಿಗೆ ಸಕ್ಕರೆ ಬೆರೆಸಿ ಅಕ್ಕಪಕ್ಕದ ಮನೆಗಳಿಗೆ ಕೊಂಡೊಯ್ಯುವುದನ್ನು ಮಾತ್ರ ಚಿರಂಜೀವಿಯು ಬಿಡಬಾರದು. ಹಿಂದೆ ವಠಾರಗಳಲ್ಲಿ, ಎಂದರೆ ಒಂದೇ ಅಂಗಳದ ಸುತ್ತ ಹಲವು ಸಂಸಾರಗಳು ಬಾಡಿಗೆಗಿರುತ್ತಿದ್ದ ಸಾಲುಮನೆಗಳಲ್ಲಿ, ಹೊಸಬರಿಗೆ ಬೇಕಾದ ತಿಳಿವಳಿಕೆ ಸಾಮಾನ್ಯ ನಲ್ಲಿಯ ಮುಂದೆ ಕೊಡ ಹಿಡಿದು ನಿಂತಾಗಲೇ ದೊರೆಯುತ್ತಿತ್ತು. ಈಗಿನ ಮುಚ್ಚಿದ ಬಾಗಿಲುಗಳ ಕಟ್ಟಡದಲ್ಲಿ ಆ ಮೊದಲ ಮಾತಿಗೆ ಬಾಡಿಗೆದಾರನೇ ಬಾಗಿಲು ತಟ್ಟಬೇಕಾಗಿದೆ. ಹಸಿ ಕಸ ಒಣ ಕಸ ಒಯ್ಯುವ ಗಾಡಿ ಎಷ್ಟು ಹೊತ್ತಿಗೆ ಬರುತ್ತದೆ, ಕೊಳಾಯಿ ಕೆಟ್ಟರೆ ನಂಬಿಕಸ್ತ ಪ್ಲಂಬರ್ ಯಾರು, ನಡುರಾತ್ರಿ ಜ್ವರ ಬಂದರೆ ತೆರೆದಿರುವ ಔಷಧಿ ಅಂಗಡಿ ಯಾವುದು, ಬೀದಿಯ ನೀರು ಬಿಡುವ ವಾಲ್ವ್‌ಮ್ಯಾನ್‌ನ ಫೋನ್ ಸಂಖ್ಯೆ ಏನು ಎಂಬುವೆಲ್ಲ ಒಂದು ಲೋಟ ಹಾಲು ಕೊಟ್ಟು ಹತ್ತು ನಿಮಿಷ ನಿಂತರೆ ಎದುರುಮನೆಯವರಿಂದ ತಿಳಿಯುತ್ತವೆ.